ಘಾಟಿಯ ತಿರುವಿನಲ್ಲಿ ಬಿಟ್ಟುಹೋದ ಕುನ್ನಿಗಳು

(ಬಳಗದ ಸಭೆಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಈ ವೇದಿಕೆಗೆ ನನ್ನನ್ನು ಕರೆದಾಗಲೆಲ್ಲ ಅಡಿಕೆಯ ಕೊಳೆರೋಗ, ಕಾಳುಮೆಣಸಿನ ಸೊರಗುರೋಗ, ಇಲ್ಲವೆ ಹುಳಿಮಣ್ಣಿಗೆ ಸುಣ್ಣ ಹಾಕುವ ಲೆಕ್ಕಾಚಾರ, ಇಷ್ಟನ್ನೇ ಮಾತನಾಡಿದ್ದೇನೆ. ಈ ಸಲ ನಾಯಿಗಳ ಬಗ್ಗೆ ಮಾತನಾಡುತ್ತೇನೆಂದು ತಿಳಿಸಿದಾಗ ಕಾರ್ಯದರ್ಶಿಗಳು ಕ್ಷಣಕಾಲ ಸುಮ್ಮನಿದ್ದು, "ಪರಿಸರದ ಸಭೆಯಲ್ಲಿ ನಾಯಿಯೇ?" ಎಂದರು. ಅವರ ಸಂಶಯ ನ್ಯಾಯವಾದುದೇ. ಕಾಡು, ಹೊಳೆ, ಅಣೆಕಟ್ಟು, ಗಣಿಗಳ ವಿಷಯ ಮಾತನಾಡುವಲ್ಲಿ ನಾಯಿಗೆ ಏನು ಕೆಲಸ? ಮಾತು ಮುಗಿಯುವ ಹೊತ್ತಿಗೆ ಅದಕ್ಕೆ ಉತ್ತರ ಸಿಕ್ಕೀತೆಂದು ಭಾವಿಸುತ್ತೇನೆ. ಪಶುವೈದ್ಯಕೀಯ ನನ್ನ ಓದಿನ ವಿಷಯವಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಔಷಧದ ಹೆಸರು, ಪ್ರಮಾಣಗಳನ್ನು ನನ್ನಲ್ಲಿ ಕೇಳಬೇಡಿ. ಅದಕ್ಕೆ ಪಶು ಆಸ್ಪತ್ರೆಯ ವೈದ್ಯರಿದ್ದಾರೆ.

ಕಳೆದ ಹತ್ತು ವರ್ಷಗಳಿಂದ ನಮ್ಮ ಮನೆಯ ಕೊಟ್ಟಿಗೆಯ ಒಂದು ಮೂಲೆ ನಾಯಿಮರಿಗಳಿಗೆ ಮೀಸಲಾಗಿದೆ. ಇದನ್ನು ನಾವು ಸಂಕಲ್ಪ ಮಾಡಿ ಆರಂಭಿಸಿದ್ದಲ್ಲ. ಒಂದು ಆಷಾಢದ ಸಂಜೆ ಘಾಟಿಯ ತಿರುವಿನಲ್ಲಿ, ಮೋರಿಯ ಪಕ್ಕ ಒಂದು ಗೋಣಿಚೀಲ ಅಲ್ಲಾಡುತ್ತಿತ್ತು. ಬಿಚ್ಚಿ ನೋಡಿದರೆ ಐದು ಕುನ್ನಿಗಳು. ಎರಡು ಆಗಲೇ ಸತ್ತಿದ್ದವು. ಉಳಿದ ಮೂರನ್ನು ಬಚ್ಚಲೊಲೆಯ ಬದಿಗೆ ತಂದು ಕಾಯಿಸಿದೆವು. ಐದಕ್ಕೆ ಐದೂ ಹೆಣ್ಣು.

ಈ ಮಾತು ಯಾರನ್ನೂ ಆಶ್ಚರ್ಯಗೊಳಿಸಲಾರದು. ನಮ್ಮ ಕಡೆ ನಾಯಿ ಬೇಕೆಂದು ಕೇಳುವವರು ಬಹಳ. ಮಂಗ ಓಡಿಸಲು ಬೇಕು, ಹಂದಿ ಬಂದರೆ ಬೊಗಳಲು ಬೇಕು, ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ಒಂಟಿಮನೆಯಲ್ಲಿ ರಾತ್ರಿ ಒಂದು ದನಿಯಾದರೂ ಇರಲೆಂದು ಬೇಕು. ಆದರೆ ಎಲ್ಲರಿಗೂ ಬೇಕಾದದ್ದು ಗಂಡುಮರಿ. ಹೆಣ್ಣಾದರೆ ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಊರ ನಾಯಿಗಳೆಲ್ಲ ಅಂಗಳಕ್ಕೆ ಬಂದು ಕಚ್ಚಾಡುತ್ತವೆ, ಅರವತ್ತು ಚಿಲ್ಲರೆ ದಿನಗಳಲ್ಲಿ ಮತ್ತೆ ಐದಾರು ಮರಿ. ಕೊಲ್ಲಲು ಮನಸ್ಸು ಬಾರದು. ಆದ್ದರಿಂದ ಕಣ್ಣಿಗೆ ಕಾಣದಲ್ಲಿ ಬಿಟ್ಟುಬರುವುದು. ಸ್ವರ್ಗದ ಬಾಗಿಲವರೆಗೆ ಹಿಂಬಾಲಿಸಿದ ನಾಯಿಯನ್ನು ಬಿಡಲೊಲ್ಲದ ಧರ್ಮರಾಯನ ಪ್ರಸಂಗವನ್ನು ತಾಳಮದ್ದಳೆಯಲ್ಲಿ ಕೇಳಿ ಕಣ್ಣೊರೆಸಿಕೊಳ್ಳುವವರೂ ನಾವೇ, ಗೋಣಿಚೀಲದ ಬಾಯಿ ಕಟ್ಟುವವರೂ ನಾವೇ. ಈಚೆಗೆ ಇನ್ನೊಂದು ಬಗೆಯೂ ಸೇರಿಕೊಂಡಿದೆ. ಪೇಟೆಯ ಕಾರು ಬಂದು ನಿಲ್ಲುತ್ತದೆ; ಕುತ್ತಿಗೆಯಲ್ಲಿ ಪಟ್ಟಿಯ ಗುರುತು ಇನ್ನೂ ಅಳಿಸದ ಲ್ಯಾಬ್ರಡಾರ್ ಇಲ್ಲವೆ ಪಗ್ ಇಳಿಯುತ್ತದೆ; ಕಾರು ಹೊರಟುಹೋಗುತ್ತದೆ. 2020, 2021ರ ಕೊರೋನಾ ದಿನಗಳಲ್ಲಿ ಮನೆಯಲ್ಲೇ ಕುಳಿತವರು ಕೊಂಡ ನಾಯಿಗಳು, ಕಚೇರಿಗಳು ತೆರೆದ ಮೇಲೆ ಹೀಗೆ ನಮ್ಮ ಘಾಟಿಗೆ ಬಂದುದನ್ನು ನಾನೇ ನೋಡಿದ್ದೇನೆ.

ಹೀಗೆ ಬಿಟ್ಟುಹೋಗುವುದು ಅಪರಾಧ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಮೊದಲ ಸಲದ ತಪ್ಪಿಗೆ ಅದು ವಿಧಿಸುವ ದಂಡ ಹತ್ತರಿಂದ ಐವತ್ತು ರೂಪಾಯಿ! ಘಾಟಿ ಇಳಿದ ಮೇಲೆ ಕುಡಿಯುವ ಎರಡು ಚಹದ ಬೆಲೆ. ಆದ್ದರಿಂದ ಕಾನೂನಿನ ಮಾತನ್ನು ಇಲ್ಲಿಗೇ ಬಿಡೋಣ.

ಬಿಟ್ಟುಹೋದ ಮರಿಗಳು ಏನಾಗುತ್ತವೆ? "ಹೇಗೋ ಬದುಕಿಕೊಳ್ಳುತ್ತವೆ" ಎನ್ನುವುದು ನಮ್ಮ ಸಮಾಧಾನ. ಪಶ್ಚಿಮ ಬಂಗಾಳದಲ್ಲಿ ಸಂಶೋಧಕರು 364 ಬೀದಿನಾಯಿ ಮರಿಗಳನ್ನು ಹುಟ್ಟಿನಿಂದ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಏಳು ತಿಂಗಳ ಪ್ರಾಯ ತಲುಪಿದವು ಶೇಕಡಾ 19 ಮಾತ್ರ. ತಾಯಿಯ ಜೊತೆಗಿದ್ದ, ಊರ ನಡುವೆಯೇ ಇದ್ದ ಮರಿಗಳ ಲೆಕ್ಕವಿದು. ಜಡಿಮಳೆಯ ಘಾಟಿಯಲ್ಲಿ ಇಂಬಳ, ಲಾರಿ ಮತ್ತು ಹಸಿವಿನ ನಡುವೆ ಬಿದ್ದ ಮರಿಯ ಲೆಕ್ಕವನ್ನು ನೀವೇ ಊಹಿಸಿ. ಕುರ್ಕನ ವಿಷಯವಂತೂ ನಿಮಗೆ ತಿಳಿದದ್ದೇ. ಮಹಾರಾಷ್ಟ್ರದ ಅಹಮದ್‌ನಗರ ಜಿಲ್ಲೆಯ ಕೃಷಿ ಪ್ರದೇಶದಲ್ಲಿ ಚಿರತೆಗಳ ಆಹಾರವನ್ನು ಪರೀಕ್ಷಿಸಿದಾಗ, ಅವು ತಿಂದ ಮಾಂಸದ ತೂಕದಲ್ಲಿ ಶೇಕಡಾ 39 ಭಾಗ ನಾಯಿಯದೇ ಆಗಿತ್ತು. ಊರ ಅಂಚಿನಲ್ಲಿ ಹೆಚ್ಚು ನಾಯಿ ಬಿಟ್ಟಷ್ಟೂ ಚಿರತೆಯನ್ನು ಊರಿಗೆ ಕರೆದಂತೆ. ಆಮೇಲೆ ಬೋನು ತನ್ನಿರೆಂದು ಅರಣ್ಯ ಇಲಾಖೆಗೆ ಅರ್ಜಿ ಬರೆಯುವವರೂ ನಾವೇ.

ಬದುಕುಳಿದ ಕೆಲವು ಏನು ಮಾಡುತ್ತವೆಂಬುದು ಇದಕ್ಕಿಂತ ಗಂಭೀರ. ಅವು ಗುಂಪು ಕಟ್ಟಿಕೊಂಡು ಕಾಡಿಗೆ ನುಗ್ಗುತ್ತವೆ. ಕಾಡುಕುರಿ, ಮೊಲ, ಜಿಂಕೆಯ ಮರಿ, ನೆಲದಲ್ಲಿ ಗೂಡು ಮಾಡುವ ಹಕ್ಕಿ, ಯಾವುದನ್ನೂ ಬಿಡುವುದಿಲ್ಲ. ನಮ್ಮ ದೇಶದಲ್ಲಿ ನಾಯಿಗಳ ದಾಳಿಗೆ ಒಳಗಾದ ವನ್ಯಜೀವಿಗಳು 80 ಬಗೆಯವೆಂದೂ ಅವುಗಳಲ್ಲಿ 31 ಅಳಿವಿನಂಚಿನ ಪಟ್ಟಿಯಲ್ಲಿವೆಯೆಂದೂ 2018ರ ಒಂದು ಸಮೀಕ್ಷೆ ಹೇಳಿತು. ಕಣ್ಣಿಗೆ ಕಾಣದ ಹಾನಿ ಇನ್ನೂ ದೊಡ್ಡದು. ನಾಯಿಗಳ ಡಿಸ್ಟೆಂಪರ್ ರೋಗದ ವೈರಾಣು 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಸುಮಾರು ಸಾವಿರ ಸಿಂಹಗಳನ್ನು, ಎಂದರೆ ಅಲ್ಲಿದ್ದವುಗಳ ಮೂರನೆಯ ಒಂದು ಭಾಗವನ್ನು ಕೊಂದಿತು. 2018ರ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ 23 ಸಿಂಹಗಳು ಸತ್ತಾಗಲೂ ಅದೇ ವೈರಾಣು ಪತ್ತೆಯಾಯಿತು. ನಮ್ಮ ಕಾಡಿನಲ್ಲಿ ಸಿಂಹವಿಲ್ಲ, ಆದರೆ ಸೀಳುನಾಯಿಗಳಿವೆ. ಊರ ನಾಯಿಗೆ ಬರುವ ರೋಗಗಳೆಲ್ಲ ಅವಕ್ಕೆ ಸುಲಭವಾಗಿ ತಗಲುತ್ತವೆ, ಮತ್ತು ಅವು ಗುಂಪಿನಲ್ಲೇ ಬಾಳುವುದರಿಂದ ಒಂದಕ್ಕೆ ತಗಲಿದರೆ ಇಡೀ ಗುಂಪಿಗೆ ತಗಲಿದಂತೆ. ಕಾರ್ಯದರ್ಶಿಗಳ ಪ್ರಶ್ನೆಗೆ ಇದು ನನ್ನ ಉತ್ತರ. ಘಾಟಿಯಲ್ಲಿ ಬಿಟ್ಟ ನಾಯಿಮರಿ ಕೇವಲ ಕರುಣೆಯ ವಿಷಯವಲ್ಲ, ಕಾಡಿನ ವಿಷಯವೂ ಹೌದು.

ಈಗ ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗವನ್ನು ಹೇಳಬೇಕು. ಹೇಳಲು ಸಂಕೋಚವಾಗುತ್ತದೆ, ಆದರೆ ಇದನ್ನು ಮುಚ್ಚಿಟ್ಟು ನಾಯಿ ಸಾಕಿರೆಂದು ನಿಮಗೆ ಉಪದೇಶಿಸುವುದು ಸರಿಯಲ್ಲ.

ಕೆಲವು ವರ್ಷಗಳ ಹಿಂದೆ ಬಸ್ ನಿಲ್ದಾಣದ ಹಿಂಬದಿಯಿಂದ ಸುಮಾರು ಮೂರು ತಿಂಗಳ ಒಂದು ಮರಿಯನ್ನು ಎತ್ತಿಕೊಂಡು ಬಂದೆ. ಬಡಕಲಾಗಿತ್ತು, ಮೈತುಂಬ ಕಜ್ಜಿ, ಹಿಂಗಾಲಿನಲ್ಲಿ ಒಣಗಿದ ಒಂದು ಗಾಯ. ಕಜ್ಜಿಗೆ ಔಷಧ ಮಾಡಿಸಿದೆವು. ಬೇರೆಯಾಗಿ ಇಡಬೇಕೆಂಬುದು ಗೊತ್ತಿದ್ದರೂ ಮಗಳ ಒತ್ತಾಯಕ್ಕೆ ಮಣಿದು ಜಗಲಿಗೆ ಬಿಟ್ಟುಕೊಂಡೆವು. ನೆರೆಮನೆಯ ಮಕ್ಕಳೆಲ್ಲ ಬಂದು ಆಡಿಸಿದರು. ಒಂಬತ್ತನೆಯ ದಿನ ಅದು ಊಟ ಬಿಟ್ಟಿತು. ಮಂಕಾಗಿ ಮೂಲೆ ಸೇರಿತು. ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯತೊಡಗಿತು. ಹುಚ್ಚುನಾಯಿ ಎಂದರೆ ಓಡಾಡುತ್ತ ಕಂಡಕಂಡವರನ್ನು ಕಚ್ಚುವುದೆಂದೇ ನಮ್ಮೆಲ್ಲರ ಕಲ್ಪನೆ. ಇದು ಯಾರನ್ನೂ ಕಚ್ಚುತ್ತಿರಲಿಲ್ಲ. ಗಂಟಲಲ್ಲಿ ಮೂಳೆ ಸಿಕ್ಕಿರಬೇಕೆಂದು ಭಾವಿಸಿ, ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ನಾನು, ಬರಿಗೈಯನ್ನು ಅದರ ಬಾಯೊಳಗೆ ಹಾಕಿ ತಡಕಿದೆ. ಅಂದು ಬೆಳಿಗ್ಗೆ ತೋಟದಲ್ಲಿ ಕತ್ತಿ ತಾಗಿ ಬೆರಳು ಕೊಯ್ದುಕೊಂಡಿದ್ದೆ.

ಮರುದಿನ ಮರಿ ಸತ್ತಿತು. ಪಶುವೈದ್ಯರಿಗೆ ಲಕ್ಷಣ ಹೇಳಿದೊಡನೆ ಅವರು ಬೈದರು, ಆಮೇಲೆ ತಲೆಯನ್ನು ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕಾಗಿ ಕಾಯಬೇಡಿ, ಇಂದೇ ಚುಚ್ಚುಮದ್ದು ಆರಂಭಿಸಿ ಎಂದರು. ನಮ್ಮ ಮನೆಯವರು, ಪರಚಿಸಿಕೊಂಡಿದ್ದ ನೆರೆಮನೆಯ ಮಕ್ಕಳು ಸೇರಿ ಏಳು ಜನ. ನನ್ನಂಥ ತೆರೆದ ಗಾಯಕ್ಕೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಕೂಡ ಚುಚ್ಚಬೇಕು. ಅದು ಮೊದಲು ಹೋದ ಆಸ್ಪತ್ರೆಯಲ್ಲಿ ಇರಲಿಲ್ಲ, ಎರಡನೆಯದರಲ್ಲೂ ಇರಲಿಲ್ಲ, ನೂರು ಕಿಲೋಮೀಟರು ದೂರದಲ್ಲಿ ಸಿಕ್ಕಿತು. ಪರೀಕ್ಷೆಯ ವರದಿ ರೇಬೀಸ್ ಎಂದೇ ಬಂದಿತು. ಏಳೂ ಜನ ಈಗ ಕ್ಷೇಮವಾಗಿದ್ದೇವೆ. ಆದರೆ ನೆರೆಮನೆಯ ತಾಯಿಯೊಬ್ಬರು ತಮ್ಮ ಮಗುವನ್ನು ಎತ್ತಿಕೊಂಡು ನಮ್ಮ ದಣಪೆಯ ಹೊರಗೆ ನಿಂತು, ಒಳಗೆ ಬಾರದೆ, ಒಂದು ಮಾತೂ ಆಡದೆ ನನ್ನನ್ನು ನೋಡಿದ ನೋಟವನ್ನು ನಾನು ಮರೆತಿಲ್ಲ.

ವಿದ್ಯಾರ್ಥಿಗಳು ಇಲ್ಲಿ ಕೆಲವು ವಿಷಯಗಳನ್ನು ಬರೆದುಕೊಂಡರೆ ಒಳ್ಳೆಯದು. ರೇಬೀಸ್‌ನ ಲಕ್ಷಣ ಮನುಷ್ಯನಲ್ಲಿ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧವಿಲ್ಲ. ಅದಕ್ಕೆ ಮುಂಚೆ ಸಕಾಲದಲ್ಲಿ ಲಸಿಕೆ ಪಡೆದರೆ ಸಾವನ್ನು ಬಹುಪಾಲು ತಪ್ಪಿಸಬಹುದು. ಕಚ್ಚಿದ, ಪರಚಿದ ಜಾಗವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯುವುದು ಮೊದಲ ಚಿಕಿತ್ಸೆ. ಸುಣ್ಣ, ಅರಿಸಿನ, ಮೆಣಸಿನಪುಡಿ ಯಾವುದನ್ನೂ ಹಚ್ಚಬಾರದು. ಹೊಟ್ಟೆಯ ಸುತ್ತ 14 ಚುಚ್ಚುಮದ್ದು ಎಂಬ ಹೆದರಿಕೆ ನಮ್ಮ ಹಿರಿಯರಲ್ಲಿ ಇನ್ನೂ ಉಳಿದಿದೆ. ಆ ಹಳೆಯ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ 2004ರ ಕೊನೆಗೇ ನಿಂತಿತು. ಈಗಿನದನ್ನು ತೋಳಿಗೆ ಹಾಕುತ್ತಾರೆ. ಸ್ನಾಯುವಿಗೆ ಹಾಕುವುದಾದರೆ ಮೊದಲ ದಿನ, ಆಮೇಲೆ 3, 7, 14 ಮತ್ತು 28ನೆಯ ದಿನ. ಚರ್ಮದೊಳಗೆ ಹಾಕುವ ಕ್ರಮದಲ್ಲಿ 14ನೆಯ ದಿನದ್ದು ಇರುವುದಿಲ್ಲ. ನಮ್ಮಂತೆ ಆಗಾಗ ಬೀದಿಮರಿಗಳನ್ನು ಎತ್ತುವವರು ಮುಂಚಿತವಾಗಿಯೇ ಲಸಿಕೆ ಪಡೆದಿರಬಹುದು. ಆಗ ಕಚ್ಚಿಸಿಕೊಂಡರೂ ಎರಡು ಚುಚ್ಚುಮದ್ದು ಸಾಕು. ಇಮ್ಯುನೋಗ್ಲಾಬ್ಯುಲಿನ್ ಹುಡುಕಿಕೊಂಡು ನೂರು ಕಿಲೋಮೀಟರು ಅಲೆಯಬೇಕಾಗಿಲ್ಲ. ನಮ್ಮ ಮನೆಯಲ್ಲಿ ಈಗ ಎಲ್ಲರಿಗೂ ಅದು ಆಗಿದೆ.

ಆ ಘಟನೆಯ ನಂತರ ಒಂದು ವರ್ಷ ನಾವು ಯಾವ ಮರಿಯನ್ನೂ ತರಲಿಲ್ಲ. ಬಿಟ್ಟುಬಿಡೋಣವೆಂದೇ ತೀರ್ಮಾನಿಸಿದ್ದೆವು. ಮತ್ತೆ ಆರಂಭಿಸಿದ್ದು ಮಗಳ ಪ್ರಶ್ನೆಯಿಂದ: "ನಾವು ತರದಿದ್ದರೆ ಆ ಮರಿ ಬಸ್ ನಿಲ್ದಾಣದಲ್ಲೇ ಸಾಯುತ್ತಿತ್ತು. ಅಲ್ಲಿ ಅದನ್ನು ಮುಟ್ಟಿದವರಿಗೆ ಚುಚ್ಚುಮದ್ದು ಬೇಕೆಂದು ಹೇಳುವವರು ಯಾರಿದ್ದರು?" ನನ್ನಲ್ಲಿ ಉತ್ತರವಿರಲಿಲ್ಲ. ಈಗ ನಾವು ಮಾಡುತ್ತಿರುವುದು ಅದೇ ಕೆಲಸ, ಬೇರೆ ರೀತಿಯಲ್ಲಿ.

ಒಬ್ಬರು ಕೆಲವು ವಾರ ಸಾಕಿ, ಆರೋಗ್ಯ ಸರಿಪಡಿಸಿ, ಮತ್ತೊಬ್ಬರಿಗೆ ಶಾಶ್ವತವಾಗಿ ಕೊಡುವ ಈ ಪದ್ಧತಿಯನ್ನು ಪೇಟೆಯವರು ಫಾಸ್ಟರಿಂಗ್ ಎನ್ನುತ್ತಾರೆ. ಹೊಸದೇನೂ ಅಲ್ಲ. ನಮ್ಮಲ್ಲಿ ಕಡಸನ್ನು ಇನ್ನೊಂದು ಮನೆಗೆ ಸಾಕಲು ಕೊಡುವ ರೂಢಿ ಇತ್ತಲ್ಲ, ಅದರ ಹಾಗೆಯೇ. ಸಾಕುವವರಿಗೆ ಅದು ತಮ್ಮದಲ್ಲವೆಂಬ ಅರಿವೂ ಇರುತ್ತಿತ್ತು, ಕೈಬಿಡುವಂತಿಲ್ಲವೆಂಬ ಹೊಣೆಯೂ ಇರುತ್ತಿತ್ತು.

ಮೊದಲ 14 ದಿನ ಹೊಸಮರಿ ಕೊಟ್ಟಿಗೆಯ ಆ ಮೂಲೆಯನ್ನು ಬಿಟ್ಟು ಹೊರಬರುವುದಿಲ್ಲ. ಅದಕ್ಕೆ ಬೇರೆ ತಟ್ಟೆ, ಬೇರೆ ಗೋಣಿ. ನೋಡಿಕೊಳ್ಳುವವರು ಒಬ್ಬರೇ, ಕೈಗವಸು ಹಾಕಿಕೊಂಡು. ಪಾರ್ವೊ, ಡಿಸ್ಟೆಂಪರ್ ರೋಗಗಳು ಮೈಯಲ್ಲಿದ್ದರೆ ಹೆಚ್ಚಾಗಿ ಈ ಅವಧಿಯಲ್ಲಿ ಹೊರಬೀಳುತ್ತವೆ. ರೇಬೀಸ್‌ಗೆ ಈ 14 ದಿನ ಸಾಲದು. ಅದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಒಳಗೇ ಇರಬಲ್ಲದು. ಆದ್ದರಿಂದ ಮಕ್ಕಳ ಕೈಗೆ ಕೊಡುವುದರಲ್ಲಿ ಆತುರ ಬೇಡ, ಮತ್ತು ಮುಟ್ಟಿದವರೆಲ್ಲರ ಹೆಸರನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇವೆ. ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತವಾಗಿ ಉಳಿಯುತ್ತದೆ. ಸಾಮಾನ್ಯ ಸೋಪು, ಫಿನಾಯಿಲಿಗೆ ಬಗ್ಗದು; ಬ್ಲೀಚಿಂಗ್ ಪುಡಿಯ ನೀರೇ ಬೇಕು. ಒಮ್ಮೆ ಒಂದೇ ವಾರದಲ್ಲಿ ನಾಲ್ಕು ಮರಿಗಳನ್ನು ರಕ್ತಭೇದಿಯಿಂದ ಕಳೆದುಕೊಂಡ ಮೇಲೆ ಆ ಮೂಲೆಗೆ ಸಿಮೆಂಟು ನೆಲ ಮಾಡಿಸಿದೆವು, ಏಕೆಂದರೆ ಮಣ್ಣಿನ ನೆಲವನ್ನು ತೊಳೆಯುವುದು ಅಸಾಧ್ಯ.

ಲಸಿಕೆಯ ವಿಷಯದಲ್ಲಿ ಬಹುಮಂದಿ ಎಡವುವುದು ಒಂದು ಕಡೆ. "ಒಂದು ಇಂಜೆಕ್ಷನ್ ಹಾಕಿಸಿದ್ದೆವು, ಆದರೂ ಸತ್ತಿತು" ಎನ್ನುತ್ತಾರೆ. ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿ ಇರುವಷ್ಟು ಕಾಲ ಅದು ಲಸಿಕೆಯನ್ನೂ ಶತ್ರುವೆಂದೇ ತಿಳಿದು ಅಳಿಸಿಹಾಕುತ್ತದೆ. ಆ ರಕ್ಷಣೆ ಯಾವ ಮರಿಯಲ್ಲಿ ಯಾವ ವಾರ ಇಳಿಯುತ್ತದೆಂದು ಹೇಳಲಾಗದು. ಆದ್ದರಿಂದಲೇ ಆರರಿಂದ ಎಂಟು ವಾರದಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ, 16 ವಾರ ತುಂಬುವವರೆಗೂ ಮತ್ತೆ ಮತ್ತೆ ಹಾಕಿಸಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷ ವರ್ಷ. ಜಂತುಹುಳದ ಔಷಧವನ್ನೂ ತಪ್ಪಿಸಬಾರದು. ಕುರಿ, ಹಂದಿ ಕಡಿದಾಗ ಹಸಿ ಕರುಳು, ಶ್ವಾಸಕೋಶವನ್ನು ನಾಯಿಗೆ ಎಸೆಯುವುದರಿಂದ ಬರುವ ಒಂದು ಬಗೆಯ ಲಾಡಿಹುಳ ಮನುಷ್ಯನ ಯಕೃತ್ತಿನಲ್ಲಿ ನೀರಿನ ಗಡ್ಡೆಗಳನ್ನು ಬೆಳೆಸುತ್ತದೆ. ಉಣುಗಿನ ಬಗ್ಗೆ ಎಲ್ಲರೂ ಕೇಳುತ್ತೀರಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಕಂಡುಬಂದ ಮಂಗನ ಕಾಯಿಲೆಯನ್ನು ಹರಡುವ ಮುಖ್ಯ ಉಣುಗು ಕಾಡಿನದು. ಮನೆನಾಯಿಯ ಕಿವಿಯಲ್ಲಿ ಸಾಮಾನ್ಯವಾಗಿ ಕಚ್ಚಿಕೊಂಡಿರುವ ಕಂದು ಉಣುಗು ಬೇರೆ ಜಾತಿಯದು. ಆದರೂ ಡಿಸೆಂಬರಿನಿಂದ ಮೇ ತನಕ ಕಾಡು ಸುತ್ತಿಬಂದ ನಾಯಿಯನ್ನು ಒಳಮನೆಗೆ ಬಿಟ್ಟುಕೊಳ್ಳದಿರುವುದು ವಿವೇಕ.

ದತ್ತು ಕೊಡುವುದು ಸಾಕುವುದಕ್ಕಿಂತ ಕಷ್ಟ. ಆರಂಭದಲ್ಲಿ ಯಾರು ಕೇಳಿದರೂ ಕೊಡುತ್ತಿದ್ದೆವು. ಒಬ್ಬರು ತೋಟದ ಮಾಲೀಕರು ಬಹಳ ಪ್ರೀತಿಯಿಂದ ಒಯ್ದರು. ಆರು ತಿಂಗಳ ನಂತರ ಹೋಗಿ ನೋಡಿದರೆ ಕಣದ ಹಿಂದೆ ಎರಡು ಮೊಳ ಸರಪಳಿಯಲ್ಲಿ, ತನ್ನ ಮಲದ ಮೇಲೆಯೇ ಮಲಗಿತ್ತು. "ಬಿಟ್ಟರೆ ಕೋಳಿ ಹಿಡಿಯುತ್ತದೆ" ಎಂದರು. ವಾಪಸು ತಂದೆವು. ಅಂದಿನಿಂದ ಮರಿ ಕೊಡುವ ಮೊದಲು ಮನೆಯನ್ನು ನೋಡಿ ಬರುತ್ತೇವೆ. ಹೆಣ್ಣಾಗಲಿ ಗಂಡಾಗಲಿ ಸಂತಾನಹರಣ ಚಿಕಿತ್ಸೆ ಆಗಲೇಬೇಕು, ರಾತ್ರಿ ಕೊಟ್ಟಿಗೆ ಇಲ್ಲವೆ ಜಗಲಿಯ ಒಳಗೆ ಇರಬೇಕು, ಕಾಡಿಗೆ ಬಿಡಬಾರದು, ಸಾಕಲಾಗದಿದ್ದರೆ ನಮಗೇ ಹಿಂದಿರುಗಿಸಬೇಕು, ಘಾಟಿಗಲ್ಲ. ಚಿಕಿತ್ಸೆ ಆದ ನಾಯಿ ಕಾವಲು ಮಾಡುವುದಿಲ್ಲವೆಂಬುದು ಬರಿಯ ಮಾತು. ನಮ್ಮ ಮನೆಯ ಹೆಣ್ಣುನಾಯಿಗೆ ಆರು ತಿಂಗಳಿಗೇ ಚಿಕಿತ್ಸೆ ಆಗಿದೆ. ತೋಟಕ್ಕೆ ಮಂಗ ಇಳಿದರೆ ಅದರ ಬೊಬ್ಬೆ ಎದುರು ಗುಡ್ಡಕ್ಕೆ ಕೇಳುತ್ತದೆ. ವಯಸ್ಸಾದ ದಂಪತಿಗಳು ಕೇಳಿದರೆ ಮರಿಯ ಬದಲು ನಾಲ್ಕೈದು ವರ್ಷದ ನಾಯಿಯನ್ನು ಒಪ್ಪಿಸಲು ಪ್ರಯತ್ನಿಸುತ್ತೇನೆ. ಚಪ್ಪಲಿ ಕಡಿಯುವ ಪ್ರಾಯ ಮುಗಿದಿರುತ್ತದೆ, ಇಬ್ಬರಿಗೂ ಆಯಾಸವಿಲ್ಲ.

ಒಂದು ಮಾತು ನನ್ನ ವೃತ್ತಿಗೆ ಸಂಬಂಧಿಸಿದ್ದು. ನಾವು ಕೊಟ್ಟ ನಾಯಿಗಳಲ್ಲಿ ಚಿರತೆಗೆ ಸಿಕ್ಕವಕ್ಕಿಂತ ವಿಷಕ್ಕೆ ಸಿಕ್ಕವು ಹೆಚ್ಚು. ಕಾಡುಹಂದಿಗೆಂದು ಬಾಳೆಹಣ್ಣಿನಲ್ಲಿಟ್ಟ ಹರಳು ಔಷಧವನ್ನು ನಾಯಿ ತಿನ್ನುತ್ತದೆ, ಸತ್ತ ಹಂದಿಯನ್ನೂ ತಿನ್ನುತ್ತದೆ. ಥಿಮೆಟ್ ಎಂದು ನಾವೆಲ್ಲ ಕರೆಯುತ್ತಿದ್ದ ಫೋರೇಟ್ ಅನ್ನು ಕೇಂದ್ರ ಸರ್ಕಾರ 2018ರ ಆದೇಶದ ಮೂಲಕ 2020ರ ಡಿಸೆಂಬರ್ 31ರಿಂದ ನಿಷೇಧಿಸಿದೆ. ಹಳೆಯ ಪೊಟ್ಟಣ ಯಾರ ಉಗ್ರಾಣದಲ್ಲಾದರೂ ಉಳಿದಿದ್ದರೆ ದಯವಿಟ್ಟು ನನಗೆ ತಿಳಿಸಿ. ತೋಟದಲ್ಲಿ ಹೂಳಬೇಡಿ, ಹಳ್ಳಕ್ಕೆ ಚೆಲ್ಲಬೇಡಿ.

ಕೊನೆಯದಾಗಿ ನ್ಯಾಯಾಲಯದ ವಿಷಯ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಮತ್ತು ಸುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಸೇರಿಸುವಂತೆ ಆದೇಶಿಸಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿ, ರೇಬೀಸ್ ಇರುವ ಹಾಗೂ ಮೇಲೆರಗುವ ನಾಯಿಗಳನ್ನು ಬಿಟ್ಟು ಉಳಿದವನ್ನು ಚಿಕಿತ್ಸೆ, ಲಸಿಕೆಗಳ ನಂತರ ಹಿಡಿದಲ್ಲಿಗೇ ಬಿಡಬೇಕೆಂದಿತು. ನಾಯಿಗಳನ್ನು ದತ್ತು ಪಡೆಯಲು ಬಯಸುವವರು ನಗರಸಂಸ್ಥೆಗೆ ಅರ್ಜಿ ಸಲ್ಲಿಸಬಹುದು, ಆದರೆ ದತ್ತು ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅವರದೇ ಹೊಣೆ ಎಂದೂ ಹೇಳಿತು. ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಅದೇ ಜಾಗಕ್ಕೆ ಬಿಡಬಾರದೆಂದಿತು. ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಇದು ಅರ್ಥವಾಗುವ ಮಾತೇ. ನನ್ನ ಆತಂಕ ಬೇರೆ. ಆಶ್ರಯತಾಣವೇ ಇಲ್ಲದ ಪೇಟೆ, ಹಿಡಿದ ನಾಯಿಗಳನ್ನು ಎಲ್ಲಿಗೆ ಒಯ್ದೀತು? ರಾತ್ರಿಯ ಹೊತ್ತು ಘಾಟಿ ರಸ್ತೆಯಲ್ಲಿ ಪಂಜರದ ವಾಹನ ನಿಂತರೆ ಗುರುತು ಬರೆದುಕೊಳ್ಳಿ. 2019ರ ಜಾನುವಾರು ಗಣತಿ ನಮ್ಮ ರಾಜ್ಯದಲ್ಲಿ 11 ಲಕ್ಷಕ್ಕೂ ಹೆಚ್ಚು ಬೀದಿನಾಯಿಗಳನ್ನು ಎಣಿಸಿತ್ತು. ಅಷ್ಟನ್ನು ನಮ್ಮ ಕೊಟ್ಟಿಗೆಗಳು ಹಿಡಿಯಲಾರವು. ನಮ್ಮಿಂದ ಸಾಧ್ಯವಾದದ್ದು ಮನೆಯ ಹೆಣ್ಣುನಾಯಿಗೆ ಚಿಕಿತ್ಸೆ ಮಾಡಿಸುವುದು ಮತ್ತು ಊರಿನ ಹತ್ತು ನಾಯಿಗಳಲ್ಲಿ ಏಳಕ್ಕಾದರೂ ರೇಬೀಸ್ ಲಸಿಕೆ ಹಾಕಿಸುವುದು. ಆ ಪ್ರಮಾಣವನ್ನು ವರ್ಷ ವರ್ಷವೂ ಕಾಯ್ದುಕೊಂಡರೆ ರೋಗದ ಸರಪಳಿ ಕಡಿಯುತ್ತದೆ. ನೆರೆಯ ಗೋವಾ ಸಾಮೂಹಿಕ ಲಸಿಕೆಯಿಂದ 2021ರ ವೇಳೆಗೆ ಮೂರು ವರ್ಷ ರೇಬೀಸ್‌ನಿಂದ ಒಂದೂ ಮಾನವ ಸಾವಿಲ್ಲದಂತೆ ಮಾಡಿ ತೋರಿಸಿತು. ಪಂಚಾಯಿತಿ ಸದಸ್ಯರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಲಸಿಕೆಯ ದಿನ ಗೊತ್ತುಮಾಡಿದರೆ ನಾಯಿಗಳನ್ನು ಹಿಡಿದು ತರುವ ಕೆಲಸಕ್ಕೆ ಕಾಲೇಜಿನ ಹುಡುಗರು ಸಿದ್ಧರಿದ್ದಾರೆ, ಹುಡುಗಿಯರು ಇನ್ನೂ ಹೆಚ್ಚು.

ಸದ್ಯ ನಮ್ಮ ಕೊಟ್ಟಿಗೆಯಲ್ಲಿ ನಾಲ್ಕು ಮರಿಗಳಿವೆ. ಮೂರು ಹೆಣ್ಣು, ಒಂದು ಗಂಡು. ಗಂಡಿಗೆ ಆಗಲೇ ಹನ್ನೊಂದು ಮಂದಿ ಕೇಳಿದ್ದಾರೆ. ಹೆಣ್ಣುಮರಿಗಳಲ್ಲಿ ಒಂದನ್ನು ಒಯ್ಯುವವರಿಗೆ ಚಿಕಿತ್ಸೆಯ ಖರ್ಚನ್ನು ಬಳಗವೇ ಕೊಡುತ್ತದೆ. ಮೂರನೆಯ ಲಸಿಕೆಗೆ ಇನ್ನೂ ಹತ್ತು ದಿನವಿದೆ. ನೋಡಬೇಕೆನ್ನುವವರು ಆ ನಂತರದ ಭಾನುವಾರ ಬನ್ನಿ. ನಿಮ್ಮ ಮನೆಯಲ್ಲಿ ಈಗಾಗಲೇ ನಾಯಿ ಇದ್ದರೆ ಚಪ್ಪಲಿಯನ್ನು ದಣಪೆಯ ಹೊರಗೇ ಬಿಟ್ಟು ಬನ್ನಿ, ಬ್ಲೀಚಿಂಗ್ ನೀರಿನ ಬಕೆಟ್ಟು ಅಲ್ಲೇ ಇರುತ್ತದೆ.